ಪೊರಕೆ ಹಿಡಿದ ಬಿಷಪ್
ಸ್ಲೊವಾಕಿಯಾದ ಕ್ಯಾಥೊಲಿಕ್ ಬಿಷಪ್ ಯಾನ್ ಕೊರೆಟ್ಸ್ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದ್ರೆ ಚರ್ಚನ್ನು ಹತ್ತಿಕ್ಕುತ್ತಿದ್ದ ಕಮ್ಯುನಿಸ್ಟ್ ಸರ್ಕಾರ ಕೊಟ್ಟ 12 ವರ್ಷದ ಜೈಲು ಶಿಕ್ಷೆಗೇ ಜಾಸ್ತಿ ಜಾಗ ಹೋಯಿತು. ನನಗೆ ಅದರ ಆಚೀಚಿನ ದಿನಗಳೇ ಕಾಡುತ್ತವೆ. 1951ರಲ್ಲಿ ಗುಟ್ಟಾಗಿ ಬಿಷಪ್ ಆದಾಗ ಅವರಿಗೆ ಬರೀ 27 ವರ್ಷ. ಹೊರಗಿನವರ ಕಣ್ಣಿಗೆ ಸುಮ್ನೆ ಒಬ್ಬ ಕಾರ್ಖಾನೆ ಕೆಲಸಗಾರ. ಕದ್ದುಮುಚ್ಚಿ ಪಾದ್ರಿಗಳಿಗೆ ದೀಕ್ಷೆ ಕೊಡುತ್ತಿದ್ದರು. 1968ರಲ್ಲಿ ಜೈಲಿನಿಂದ ಬಿಡುಗಡೆ. ಮರುವರ್ಷ ರೋಮ್‌ನಲ್ಲಿ ಪೋಪ್ ಆರನೇ ಪೌಲ್ ಅವರೇ ಬಿಷಪ್ ಲಾಂಛನಗಳನ್ನು ಕೈಗಿಟ್ಟರು. ಊರಲ್ಲಿ ಅದನ್ನು ತೊಟ್ಟು ಓಡಾಡುವ ಹಾಗಿತ್ತಾ? ಬ್ರಾಟಿಸ್ಲಾವಾದಲ್ಲಿ ಅವರಿಗೆ ಸಿಕ್ಕಿದ್ದು ಬೀದಿ ಗುಡಿಸುವ ಕೆಲಸ, ಆಮೇಲೆ ಕೆಮಿಕಲ್ ಕಾರ್ಖಾನೆಯಲ್ಲಿ ಕೂಲಿ. ಅದೇ ಮನುಷ್ಯ 1991ರಲ್ಲಿ ಕಾರ್ಡಿನಲ್, ಅಂದ್ರೆ ಪೋಪ್ ನಂತರದ ದೊಡ್ಡ ಪದವಿ! ಅಂದಹಾಗೆ, ಅವರನ್ನು ಬಿಷಪ್ ಮಾಡಿದ ಪಾವೊಲ್ ಹ್ನಿಲಿತ್ಸಾ ಕೂಡ ಗುಟ್ಟಿನ ಬಿಷಪ್ಪೇ ಅಲ್ವಾ? ಅವರ ಬಗ್ಗೆಯೂ ಒಂದು ಲೇಖನ ಬರೆಯಿರಿ ಸಾರ್.