ಕ್ಲಚ್ ಹೊಸದು, ಗೇರ್ ಮಾತ್ರ ಬೀಳುತ್ತಿಲ್ಲ

ಕ್ಲಚ್ ಬದಲಾಯಿಸಿಕೊಂಡು ಗ್ಯಾರೇಜಿನಿಂದ ಹೊರಬಂದ ಕಾರಿನಲ್ಲಿ ಮೊದಲ ದಿನವೇ ಗೇರ್ ಬೀಳಲು ಸತಾಯಿಸಿದರೆ, ನಮ್ಮ ಊರುಗಳಲ್ಲಿ ಮಾಲೀಕನಿಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಹೊಸ ಪ್ಲೇಟ್ ಅಲ್ವಾ ಸಾರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ." ನಾನು ಕೆಲವು ವರ್ಷಗಳಿಂದ ನೆಲೆಸಿರುವ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಈ ಮಾತನ್ನು ಯಾರೂ ಹೇಳುವುದಿಲ್ಲ, ಅಲ್ಲಿ ಕೌಂಟರಿನ ಹಿಂದೆ ಕುಳಿತವರು ನಮ್ಮ ದೂರನ್ನು ಬರೆದುಕೊಂಡು, ಮುಂದಿನ ವಾರದ ಯಾವುದೋ ಒಂದು ಬೆಳಿಗ್ಗೆಗೆ ಸಮಯ ಕೊಡುತ್ತಾರೆ. ಎರಡೂ ಪದ್ಧತಿಗಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

"ಸೆಟ್ ಆಗುತ್ತೆ" ಎಂಬುದು ಪೂರ್ತಿ ಸುಳ್ಳೇನೂ ಅಲ್ಲ. ಹೊಸ ಪ್ಲೇಟಿನ ಮೇಲ್ಮೈ ಎಂಜಿನ್ ತಿರುಗಿಸುವ ಫ್ಲೈವೀಲಿಗೂ ಪ್ಲೇಟನ್ನು ಅದಕ್ಕೆ ಒತ್ತಿಹಿಡಿಯುವ ಪ್ರೆಶರ್ ಪ್ಲೇಟಿಗೂ ಒಗ್ಗಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಓಟ ಬೇಕು; ಆ ಅವಧಿಯಲ್ಲಿ ಕಾರು ಹೊರಡುವಾಗ ಸ್ವಲ್ಪ ನಡುಗಬಹುದು, ಹೊಸ ಲೈನಿಂಗಿನ ವಾಸನೆ ಬರಬಹುದು. ಆದರೆ ಇವೆಲ್ಲ ಪ್ಲೇಟ್ ಹಿಡಿಯುವುದಕ್ಕೆ ಸಂಬಂಧಪಟ್ಟವು. ಗೇರ್ ಬೀಳಬೇಕಾದರೆ ಬೇಕಾದದ್ದು ಪ್ಲೇಟ್ ಬಿಡುವುದು. ಪೆಡಲನ್ನು ಪೂರ್ತಿ ಒತ್ತಿದ ಮೇಲೂ ಪ್ಲೇಟ್ ಫ್ಲೈವೀಲಿಗೆ ಕೊಂಚ ತಗುಲಿಕೊಂಡೇ ಇದ್ದರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಆ ತಿರುಗುವಿಕೆಯ ವಿರುದ್ಧ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಉಂಗುರಗಳು ಗೇರ್ ಹಾಕಿದಾಗಲೆಲ್ಲ ಸೆಣಸಬೇಕಾಗುತ್ತದೆ. ಹಾಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಸೆಟ್ ಆಗುವುದಿಲ್ಲ, ಸಿಂಕ್ರೊ ಸವೆಯುತ್ತದೆ.

ಮೈಸೂರಿನಲ್ಲಿರುವ ನನ್ನ ತಮ್ಮನ ಕಾರಿಗೆ ಆದದ್ದು ಬೇರೆಯದೇ ತೊಂದರೆ. ಕ್ಲಚ್ ಹಾಕಿಸಿಕೊಂಡು ಬಂದ ಮೇಲೆ ಒಂದನೆಯ ಮತ್ತು ಎರಡನೆಯ ಗೇರ್ ಸೇರುತ್ತಿರಲಿಲ್ಲ. ಮೂರು, ನಾಲ್ಕು ಬೆಣ್ಣೆಯಂತೆ ಬೀಳುತ್ತಿದ್ದವು. ಗ್ಯಾರೇಜಿನವರು ಮತ್ತೆ ಗೇರ್ ಬಾಕ್ಸ್ ಇಳಿಸಿದರು, ಪ್ಲೇಟ್ ಡ್ಯೂಪ್ಲಿಕೇಟ್ ಮಾಲು ಎಂದು ಇನ್ನೊಂದನ್ನು ತರಿಸಿ ಹಾಕಿದರು, ತೊಂದರೆ ಇದ್ದಲ್ಲೇ ಇತ್ತು. ಕ್ಲಚ್ ಎಲ್ಲ ಗೇರಿಗೂ ಒಂದೇ ಎಂಬ ಸರಳ ಸಂಗತಿಯನ್ನು ಆ ಹೊತ್ತಿನಲ್ಲಿ ಯಾರೂ ನೆನೆಯಲಿಲ್ಲ. ಎಂಜಿನ್ ಆರಿಸಿ ಗೇರ್ ಹಾಕಿ ನೋಡಿದ್ದರೂ ಸಾಕಿತ್ತು: ಎಂಜಿನ್ ನಿಂತಿರುವಾಗ ಎಲ್ಲ ಗೇರ್ ಸಲೀಸಾಗಿ ಬಿದ್ದು, ಚಾಲೂ ಇರುವಾಗ ಮಾತ್ರ ಬೀಳದಿದ್ದರೆ ಅನುಮಾನ ಕ್ಲಚ್ಚಿನ ಮೇಲೆ, ನಿಂತಿರುವಾಗಲೂ ಅದೇ ಗೇರ್ ಹಟ ಹಿಡಿದರೆ ಅನುಮಾನ ಲಿವರಿನಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್ಲಿನ ಮೇಲೆ ಅಥವಾ ಗೇರ್ ಬಾಕ್ಸಿನ ಮೇಲೆಯೇ. (ಒಳಗಿನ ಹಲ್ಲುಗಳು ಎದುರುಬದುರಾಗಿ ನಿಂತಿದ್ದರೆ ನಿಂತ ಕಾರಿನಲ್ಲೂ ಗೇರ್ ಬೀಳದಿರಬಹುದು, ಕಾರನ್ನು ಒಂದು ಗೇಣು ಮುಂದಕ್ಕೆ ತಳ್ಳಿ ಮತ್ತೊಮ್ಮೆ ನೋಡಬೇಕು.) ಕೇಬಲ್ಲಿನಿಂದ ಗೇರ್ ಬದಲಾಗುವ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಕೇಬಲ್ಲುಗಳಿರುತ್ತವೆ, ಒಂದು ಲಿವರಿನ ಎಡಬಲ ಚಲನೆಗೆ, ಇನ್ನೊಂದು ಹಿಂದುಮುಂದಿನ ಚಲನೆಗೆ. ಗೇರ್ ಬಾಕ್ಸ್ ಇಳಿಸುವಾಗ ಎರಡನ್ನೂ ಕಳಚಲೇಬೇಕು. ಮರಳಿ ಜೋಡಿಸುವಾಗ ಎಡಬಲದ ಕೇಬಲ್ ಕೆಲವು ಮಿಲಿಮೀಟರ್ ಆಚೀಚೆಯಾದರೂ ಸಾಕು, ಒಂದು ಸಾಲಿನ ಗೇರುಗಳು ಕೈತಪ್ಪುತ್ತವೆ. ಕೊನೆಗೆ ತಮ್ಮನ ಕಾರಿನಲ್ಲಿ ಸಿಕ್ಕಿದ್ದೂ ಅದೇ.

ಸ್ಟುಟ್‌ಗಾರ್ಟಿನ ಹೊರವಲಯದಲ್ಲಿ ನನ್ನ ಕಾರಿಗೂ ಕ್ಲಚ್ ಹಾಕಿಸಿದ ಮೇಲೆ ಗೇರ್ ಬೀಳುವುದು ಕಷ್ಟವಾಗಿತ್ತು. ಒಪ್ಪಿಕೊಂಡ ದಿನ ಹೋದಾಗ ಒಬ್ಬ ಯುವ ಮೆಕ್ಯಾನಿಕ್ ಕೈಯಲ್ಲಿ ಏನನ್ನೂ ಹಿಡಿಯದೆ ಕಾರಿನೊಳಗೆ ಕುಳಿತ. ಎಂಜಿನ್ ಆರಿಸಿ ಐದೂ ಗೇರುಗಳನ್ನು ಹಾಕಿ ತೆಗೆದ. ಎಂಜಿನ್ ಚಾಲೂ ಮಾಡಿ, ಪೆಡಲ್ ಒತ್ತಿಹಿಡಿದು, ಶಾಫ್ಟ್ ನಿಲ್ಲಲೆಂದು ಕೆಲವು ಕ್ಷಣ ಕಾದು ರಿವರ್ಸ್ ಹಾಕಿದ; ಕರಕರ ಎಂದಿತು. ಪೆಡಲನ್ನು ಬೇಗಬೇಗನೆ ಮೂರು ನಾಲ್ಕು ಸಲ ಒತ್ತಿ ಮತ್ತೆ ಹಾಕಿದ, ಸದ್ದಿಲ್ಲದೆ ಬಿತ್ತು. ಪಂಪ್ ಮಾಡಿದಾಗ ಸರಿಹೋಗುವುದೆಂದರೆ, ಪೆಡಲಿನ ಒತ್ತಡವನ್ನು ಆಯಿಲ್ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಹೈಡ್ರಾಲಿಕ್ ಪೈಪಿನಲ್ಲಿ ಗಾಳಿ ಸೇರಿದೆಯೆಂದು ಸಾಮಾನ್ಯವಾಗಿ ಅರ್ಥ. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಆಯಿಲ್ ಡಬ್ಬಿ ಒಂದೇ. ಕ್ಲಚ್ಚಿನ ಪೈಪನ್ನು ಡಬ್ಬಿಯ ಮೇಲ್ಭಾಗದಲ್ಲಿ ಜೋಡಿಸಿರುತ್ತಾರೆ. ಆಯಿಲ್ ಸೋರಿದರೂ ಬ್ರೇಕಿಗೆ ಒಂದಷ್ಟು ಉಳಿಯಲಿ ಎಂಬ ಎಚ್ಚರಿಕೆ ಅದು. ಅದರಿಂದಾಗಿಯೇ ಕೆಲಸದ ನಡುವೆ ಮಟ್ಟ ಇಳಿದರೆ ಮೊದಲು ಗಾಳಿ ಎಳೆದುಕೊಳ್ಳುವುದು ಕ್ಲಚ್ಚೇ. ಮೆಕ್ಯಾನಿಕ್ ಡಬ್ಬಿಯ ಬಾಯಿಗೆ ಒತ್ತಡದ ಯಂತ್ರ ಸಿಕ್ಕಿಸಿ, ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಯಿಸಿ, ಗುಳ್ಳೆ ನಿಲ್ಲುವವರೆಗೂ ಗಾಳಿ ಹೊರಬಿಡುವ ನಿಪ್ಪಲ್ ತೆರೆದಿಟ್ಟ. ನಮ್ಮಲ್ಲಿ ಇದೇ ಕೆಲಸವನ್ನು ಒಬ್ಬ ಹುಡುಗ ಪೆಡಲ್ ಮೇಲೆ ಕಾಲಿಟ್ಟು, ಇನ್ನೊಬ್ಬ ಕಾರಿನಡಿ ಮಲಗಿ, "ಒತ್ತು, ಹಿಡಿ, ಬಿಡು" ಎನ್ನುತ್ತಾ ಮುಗಿಸುತ್ತಾರೆ. ಅದೂ ಅಷ್ಟೇ ಚೆನ್ನಾಗಿ ಆಗುತ್ತದೆ.

ಆದ್ದರಿಂದ ಇದನ್ನು ಕೈಚಳಕದ ವ್ಯತ್ಯಾಸ ಎನ್ನಲು ನಾನು ಒಪ್ಪುವುದಿಲ್ಲ. ಮಾಲಿನ ವ್ಯತ್ಯಾಸವೂ ಅಲ್ಲ. ಜರ್ಮನಿಯ ಬ್ಯೂಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಲುಕ್ ಬ್ರ್ಯಾಂಡಿನ ಕ್ಲಚ್ ಬೆಂಗಳೂರಿನಲ್ಲೂ ಸಿಗುತ್ತದೆ. ವ್ಯತ್ಯಾಸ ಇರುವುದು ಕೂಲಿಯಲ್ಲಿ. ಜರ್ಮನಿಯಲ್ಲಿ ಗ್ಯಾರೇಜಿನ ಒಂದು ಗಂಟೆಯ ಕೂಲಿ 100 ಯೂರೊ ದಾಟುವುದು ಸಾಮಾನ್ಯ. ಮಾಡಿದ ಕೆಲಸದಲ್ಲಿ ದೋಷವಿದ್ದರೆ ಅದನ್ನು ತನ್ನ ಖರ್ಚಿನಲ್ಲೇ ಸರಿಪಡಿಸಬೇಕೆಂದು ಕಾನೂನು ಹೇಳುವುದರಿಂದ, ಗೇರ್ ಬಾಕ್ಸನ್ನು ಸುಮ್ಮಸುಮ್ಮನೆ ಮತ್ತೆ ಇಳಿಸುವುದು ಗ್ಯಾರೇಜಿಗೇ ನಷ್ಟ. ಹೀಗಾಗಿ ಅವರು ಮೊದಲು ಯೋಚಿಸುತ್ತಾರೆ. ನಮ್ಮಲ್ಲಿ ಕೂಲಿ ಅಗ್ಗ, ಸ್ಪಾನರ್ ಕೈಗೆ ಹತ್ತಿರ. ಬಿಚ್ಚಿದ ಮೇಲೆ ಯೋಚಿಸಿದರಾಯಿತು ಎಂಬ ಧಾಟಿ.

ಜರ್ಮನಿಯ ಪದ್ಧತಿಯಲ್ಲೂ ನನಗೆ ಹಿಡಿಸದ ಅಂಶಗಳಿವೆ. ಅಲ್ಲಿ ಕಾರು ಬಿಚ್ಚುವವನ ಮುಖವನ್ನು ಗ್ರಾಹಕ ನೋಡುವುದೇ ಅಪರೂಪ. ಪೆಡಲ್ ಕೆಳಗಿನಿಂದ ಹಿಡಿಯುತ್ತದೆಯೋ ಮೇಲಿನಿಂದಲೋ ಎಂಬ ಸೂಕ್ಷ್ಮ ಕೌಂಟರಿನ ಕಾಗದದಲ್ಲಿ "ಗೇರ್ ತೊಂದರೆ" ಎಂಬಷ್ಟಕ್ಕೆ ಇಳಿದುಹೋಗುತ್ತದೆ. ಅವಸರಪಟ್ಟು ಬೇರೆ ಗ್ಯಾರೇಜಿಗೆ ಹೋಗುವಂತೆಯೂ ಇಲ್ಲ, ಏಕೆಂದರೆ ಮೊದಲ ಗ್ಯಾರೇಜಿಗೆ ಸರಿಪಡಿಸುವ ಅವಕಾಶ ಕೊಡದಿದ್ದರೆ ಸಾಮಾನ್ಯವಾಗಿ ಆ ಖರ್ಚು ವಾಪಸು ಬರುವುದಿಲ್ಲ. ಮೈಸೂರಿನಲ್ಲಾದರೆ ಮೆಕ್ಯಾನಿಕ್ ಪಕ್ಕದಲ್ಲೇ ಕುಳಿತು ರಿಂಗ್ ರೋಡಿನಲ್ಲಿ ಒಂದು ಸುತ್ತು ಬರುತ್ತಾನೆ. ಆ ಸುತ್ತಿನ ಬೆಲೆ ದೊಡ್ಡದು.

ಮತ್ತೆ ಇಳಿಸಲೇಬೇಕಾದ ಸಂದರ್ಭಗಳೂ ಇವೆ ಎನ್ನಿ. ಪ್ಲೇಟ್ ಹಿಂದುಮುಂದಾಗಿ ಕೂತಿದ್ದರೆ, ಜೋಡಿಸುವಾಗ ಗೇರ್ ಬಾಕ್ಸಿನ ಭಾರವೆಲ್ಲ ಪ್ಲೇಟಿನ ಮೇಲೆ ಬಿದ್ದು ಅದು ಸೊಟ್ಟಗಾಗಿದ್ದರೆ, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯದೆ ಒಂದೇ ಕಡೆಯಿಂದ ಬಿಗಿದಿದ್ದರೆ ಬೇರೆ ದಾರಿಯಿಲ್ಲ. ಅದಕ್ಕೂ ಮೊದಲು ಗೇರ್ ಆಯಿಲ್ ನೋಡುವುದು ಒಳ್ಳೆಯದು. ಡ್ರೈವ್ ಶಾಫ್ಟ್ ಕಳಚಿದಾಗ ಚೆಲ್ಲಿದ ಆಯಿಲನ್ನು ಅಳತೆ ನೋಡದೆ ತುಂಬುವುದೂ, ಜಿಎಲ್-4 ದರ್ಜೆಯ ಆಯಿಲ್ ಕೇಳುವ ಗೇರ್ ಬಾಕ್ಸಿಗೆ ಕೈಗೆ ಸಿಕ್ಕಿದ ಜಿಎಲ್-5 ಸುರಿಯುವುದೂ ನಮ್ಮಲ್ಲಿ ವಿರಳವಲ್ಲ.

ನನ್ನ ಬಿಲ್ಲಿನಲ್ಲಿ ದೋಷಪರೀಕ್ಷೆ ಎಂಬ ಒಂದು ಸಾಲಿತ್ತು, ಅದರ ಸಮಯವನ್ನೂ ನಮೂದಿಸಿದ್ದರು, ಮೊತ್ತದ ಜಾಗದಲ್ಲಿ ಸೊನ್ನೆ ಇತ್ತು. ತಮ್ಮನ ಬಳಿ ಗ್ಯಾರೇಜಿನವರು ಎರಡನೆಯ ಸಲ ಗೇರ್ ಬಾಕ್ಸ್ ಇಳಿಸಿದ್ದಕ್ಕೂ ಕೂಲಿ ಪಡೆದರು. ಕೇಬಲ್ ಸರಿಪಡಿಸಿದ ಬೇರೊಬ್ಬ ಹಿರಿಯ ಮೆಕ್ಯಾನಿಕ್ ಮಾತ್ರ "ನೋಡಿದ್ದಕ್ಕೆಲ್ಲ ಏನು ತಗೊಳ್ಳೋದು" ಎಂದು ಹಣ ಬೇಡವೆಂದರು. ನೋಡುವುದಕ್ಕೆ ದರವಿಲ್ಲದ ಊರಿನಲ್ಲಿ ಬಿಚ್ಚಿದವನಿಗೆ ಮಾತ್ರ ದುಡ್ಡು ಸಿಗುತ್ತದೆ, ಹಾಗಾಗಿ ಎಲ್ಲರೂ ಬಿಚ್ಚುತ್ತಾರೆ.