ಗುರುಗಳು ಬೀದಿಗಿಳಿದಾಗ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಜಧಾನಿ ರಾಲಿಗೆ ಬಂದ ಹೊಸದು. 2013ರ ಬೇಸಿಗೆಯ ಒಂದು ಸೋಮವಾರ ಸಹೋದ್ಯೋಗಿಯೊಬ್ಬರು ಕಚೇರಿಯಿಂದ ಬೇಗ ಹೊರಟರು. "ಸಂಜೆ ನಮ್ಮ ಪಾದ್ರಿಯವರನ್ನು ಪೊಲೀಸರು ಹಿಡಿಯಬಹುದು, ಜೊತೆಗಿರಬೇಕು" ಎಂದಾಗ ಅವರ ಮುಖದಲ್ಲಿ ಅಂಜಿಕೆಯಿರಲಿಲ್ಲ, ಹೆಮ್ಮೆಯಿತ್ತು. ಸ್ವಾಮೀಜಿ ಬಂದರೆ ಪೊಲೀಸರು ದಾರಿ ಬಿಡಿಸುವುದನ್ನಷ್ಟೇ ಕಂಡು ಬೆಳೆದ ನನಗೆ ಮಾತೇ ಹೊರಡಲಿಲ್ಲ.

ಸೋಮವಾರದ ಆ ಪ್ರತಿಭಟನೆಗಳ ಮುಂದಾಳು ವಿಲಿಯಂ ಬಾರ್ಬರ್, ಆಗ ಗೋಲ್ಡ್ಸ್‌ಬರೊ ಊರಿನ ಚರ್ಚಿನ ಪಾದ್ರಿ, ಡಾಕ್ಟರೇಟ್ ಪಡೆದ ವಿದ್ವಾಂಸ. ರಾಜ್ಯ ಸರ್ಕಾರ ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ವಿಸ್ತರಣೆಗೆ ಒಲ್ಲೆ ಎಂದಿತ್ತು, ನಿರುದ್ಯೋಗ ಭತ್ಯೆಗೂ ಕತ್ತರಿ ಹಾಕಿತ್ತು. ಬೆನ್ನುಮೂಳೆಯ ಕಾಯಿಲೆಯಿಂದ ಬಾಗಿದ ಆ ದೊಡ್ಡ ಆಳು ಕೋಲೂರಿಕೊಂಡು ಶಾಸನಸಭೆಯ ಕಟ್ಟಡಕ್ಕೇ ಹೋದರು. ಬಡವರ ಹಕ್ಕು ಕಸಿಯುವ ಕಾನೂನು ಬರೆಯುವವರಿಗೆ ಕೇಡು ಎಂಬ ಬೈಬಲಿನ ಪ್ರವಾದಿ ಯೆಶಾಯನ ಎಚ್ಚರಿಕೆಯೇ ಅವರ ಆಧಾರ. ಏಪ್ರಿಲ್ 29ರಂದು 17 ಮಂದಿಯ ಬಂಧನವಾಯಿತು. ವಾರವಾರವೂ ಜನ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೈ ಕಟ್ಟಿಸಿಕೊಂಡು ಪೊಲೀಸ್ ಬಸ್ ಹತ್ತಿದರು. ಆ ವರ್ಷ ಬಂಧಿತರ ಸಂಖ್ಯೆ 900 ದಾಟಿತು.

2018ರಲ್ಲಿ ಬಾರ್ಬರ್ ಜೊತೆ ಮಾರ್ಟಿನ್ ಲೂಥರ್ ಕಿಂಗ್ ಕಾಲದ ಬಡಜನರ ಆಂದೋಲನವನ್ನು ಮತ್ತೆ ಕಟ್ಟಿದ ಲಿಜ್ ಥಿಯೊಹಾರಿಸ್ ಬೈಬಲಿನ ಹೊಸ ಒಡಂಬಡಿಕೆಯ ವಿದ್ವಾಂಸೆ. ಬಡವರು ಯಾವಾಗಲೂ ಇದ್ದೇ ಇರುತ್ತಾರೆಂಬ ಯೇಸುವಿನ ಮಾತನ್ನು ನೆಪ ಮಾಡಿಕೊಂಡವರ ಮುಂದೆ ಆಕೆ ಅದೇ ಬೈಬಲಿನ ಧರ್ಮೋಪದೇಶಕಾಂಡದ 15ನೇ ಅಧ್ಯಾಯ ತೆರೆದಿಡುತ್ತಾರೆ. ಸಾಲ ಮನ್ನಾ ಮಾಡಿದರೆ ನಿಮ್ಮಲ್ಲಿ ಬಡವರೇ ಇರರು ಎನ್ನುವ ಅಧ್ಯಾಯ ಅದು. ಪಾಂಡಿತ್ಯದಿಂದ ಆಗಬೇಕಾದ ಕೆಲಸ ಇದೇ ಅಲ್ಲವೇ?

ನಮ್ಮಲ್ಲಿ ದಾಸೋಹವಿದೆ. ಸಿದ್ಧಗಂಗೆಯಲ್ಲಿ ಉಂಡು ಓದಿದವರು ನಮ್ಮ ಮನೆಯಲ್ಲೇ ಇದ್ದಾರೆ, ಆ ಋಣ ತೀರುವಂಥದ್ದಲ್ಲ. ಆದರೆ ಉಣ್ಣಲು ಬಂದವನ ಕೂಲಿ ಅಷ್ಟು ಕಡಿಮೆ ಏಕೆ ಎಂದು ಮಠಗಳು ಕೇಳುವುದಿಲ್ಲ. ವಚನಗಳ ಮೇಲೆ ತಿಂಗಳುಗಟ್ಟಲೆ ಪ್ರವಚನ ನಡೆಯುತ್ತದೆ, ಮುಂದಿನ ಸಾಲಿನಲ್ಲಿ ಶಾಸಕರು ಕುಳಿತಿರುತ್ತಾರೆ. ಸ್ವಾಮೀಜಿಗಳು ಬೀದಿಗಿಳಿದರೆ ತಮ್ಮವರ ಮೀಸಲಾತಿಗೆ, ತಮ್ಮವರ ಮಂತ್ರಿಗಿರಿಗೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಗಾಗಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆ ತಡೆದು ಲಾಠಿ ಏಟು ತಿಂದರು. ಅವರ ನಡುವೆ ಒಂದು ಕಾವಿಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಹೆಸರೆತ್ತದೆ ಬಿಟ್ಟರೆ ಮಾತ್ರ ಅನ್ಯಾಯವಾದೀತು. ಮಠದಿಂದ ರಾಶಿ ರಾಶಿ ಪುಸ್ತಕ ತಂದ ಅವರೇ 2011ರಲ್ಲಿ ರೈತರ ಜಮೀನು ಉಳಿಸಲು ಪೋಸ್ಕೊ ಉಕ್ಕಿನ ಕಾರ್ಖಾನೆಯ ವಿರುದ್ಧ ನಿಂತರು. ಯೋಜನೆ ಅಲ್ಲಿಂದ ಕಾಲ್ತೆಗೆಯಿತು. ಗದಗ ಜಿಲ್ಲೆಯ ಕಪ್ಪತಗುಡ್ಡದ ಕಾಡು ಉಳಿಸಲೂ ಧರಣಿ ಕುಳಿತರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರಷ್ಟು ಓದಿದವರು ನಮ್ಮ ಮಠಗಳಲ್ಲಿ ಇನ್ನೂ ಇದ್ದಾರೆ. ಅವರು ಹೊಸ್ತಿಲು ದಾಟಿ ಹೊರಗೆ ಬರಲಿ ಎಂದು ಕೈಮುಗಿದು ಕೇಳುತ್ತೇನೆ.