ಹೋಗಲು ರೈಲಿದೆ, ಮರಳಲು?

ಇಂಗ್ಲೆಂಡಿನಲ್ಲಿ ದೂರದೂರಿನ ಫುಟ್‌ಬಾಲ್ ಪಂದ್ಯಕ್ಕೋ ಸಂಗೀತೋತ್ಸವಕ್ಕೋ ಟಿಕೆಟ್ ಕೊಳ್ಳುವವರು, ಅಂದು ರಾತ್ರಿ ತಮ್ಮೂರಿಗೆ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕಾದ ಪರಿಸ್ಥಿತಿ ಇದೆ. ನನಗೆ ಇದು ವಿಚಿತ್ರವೆನಿಸುತ್ತದೆ, ಏಕೆಂದರೆ ಜನರನ್ನು ಗುಂಪಾಗಿ ರೈಲಿನಲ್ಲಿ ಸಭೆ ಸಮಾರಂಭಗಳಿಗೆ ಕರೆದೊಯ್ಯುವ ರೂಢಿ ಬೇರೂರಿದ್ದೇ ಈ ನೆಲದಲ್ಲಿ. 1841ರ ಜುಲೈ 5ರಂದು ಥಾಮಸ್ ಕುಕ್ ಲೆಸ್ಟರ್‌ನಿಂದ ಲಫ್‌ಬರೋದ ಪಾನವಿರೋಧಿ ಸಭೆಗೆ ಸುಮಾರು 500 ಜನರನ್ನು ವಿಶೇಷ ರೈಲಿನಲ್ಲಿ ಕರೆದೊಯ್ದಾಗ, ಹೋಗಿಬರಲು ತಲಾ ಒಂದು ಶಿಲಿಂಗ್ ಪಡೆದಿದ್ದರು. ಸಭೆಗೆ ಕರೆದವರೇ ಮನೆಗೆ ಮರಳಿಸುವ ಹೊಣೆಯನ್ನೂ ಹೊತ್ತಿದ್ದರು.

ಲಂಡನ್ನಿನ ವೆಂಬ್ಲಿಯ ಕಥೆ ಇನ್ನೂ ಸ್ವಾರಸ್ಯಕರ. ಮೆಟ್ರೊಪಾಲಿಟನ್ ರೈಲ್ವೆಯ ಅಧ್ಯಕ್ಷರಾಗಿದ್ದ ಎಡ್ವರ್ಡ್ ವಾಟ್ಕಿನ್, ತಮ್ಮ ಮಾರ್ಗಕ್ಕೆ ಪ್ರಯಾಣಿಕರು ಬೇಕೆಂದು 1890ರ ದಶಕದಲ್ಲಿ ಅಲ್ಲಿ ಉದ್ಯಾನ ನಿರ್ಮಿಸಿ, ಐಫೆಲ್ ಗೋಪುರವನ್ನೂ ಮೀರಿಸುವ ಗೋಪುರವೊಂದನ್ನು ಕಟ್ಟಲು ಹೊರಟರು. ಗೋಪುರ ಮೊದಲ ಹಂತ ದಾಟಲಿಲ್ಲ. 1907ರ ಹೊತ್ತಿಗೆ ಅದನ್ನೂ ಕೆಡವಿದರು. ಅದೇ ಜಾಗದಲ್ಲಿ 1923ರಲ್ಲಿ ಕ್ರೀಡಾಂಗಣ ಎದ್ದಿತು. ನಿಲ್ದಾಣ ಮೊದಲು, ಮೈದಾನ ಆಮೇಲೆ. ಇಂದಿಗೂ ಪಂದ್ಯ ಮುಗಿದ ಮೇಲೆ ವೆಂಬ್ಲಿ ಪಾರ್ಕ್ ನಿಲ್ದಾಣದ ಎದುರಿನ ಅಗಲವಾದ ಹಾದಿಯಲ್ಲಿ ಜನರನ್ನು ತಂಡ ತಂಡವಾಗಿ ತಡೆದು ನಿಲ್ಲಿಸಿ, ಪ್ಲಾಟ್‌ಫಾರಂ ತೆರವಾದಷ್ಟಷ್ಟೇ ಮಂದಿಯನ್ನು ಮೆಟ್ಟಿಲ ಕಡೆಗೆ ಬಿಡುತ್ತಾರೆ. ಗೊಣಗಾಟ ಕೇಳಿಬರುತ್ತದೆ, ನೂಕುನುಗ್ಗಲು ಕಡಿಮೆ. ನಗರದೊಳಗಿನ ಈ ಭಾಗವನ್ನು ಲಂಡನ್ ಚೆನ್ನಾಗಿಯೇ ನಿಭಾಯಿಸುತ್ತದೆ.

ತೊಡಕು ಆರಂಭವಾಗುವುದು, ಉತ್ತರದ ನಗರಗಳಿಗೆ ರೈಲು ಹೊರಡುವ ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಆಚೆಗೆ. 2022ರ ಏಪ್ರಿಲ್ 16ರಂದು ವೆಂಬ್ಲಿಯಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಸಿಟಿ ತಂಡಗಳ ನಡುವೆ ಎಫ್‌ಎ ಕಪ್ ಫುಟ್‌ಬಾಲ್ ಟೂರ್ನಿಯ ಸೆಮಿಫೈನಲ್ ನಡೆಯಿತು. ಈಸ್ಟರ್ ರಜೆಯಲ್ಲಿ ಹಳಿಗಳ ಕಾಮಗಾರಿ ನಡೆಯುವುದೆಂದು ಬಹಳ ಮೊದಲೇ ನಿಗದಿಯಾಗಿದ್ದರಿಂದ, ಆ ಎರಡೂ ನಗರಗಳಿಂದ ಲಂಡನ್ನಿಗೆ ಅಂದು ನೇರ ರೈಲೊಂದೂ ಇರಲಿಲ್ಲ. ಪಂದ್ಯವನ್ನು ಬೇರೆಡೆಗೆ ಸ್ಥಳಾಂತರಿಸಿ ಎಂದು ಎರಡೂ ಪ್ರದೇಶಗಳ ಮೇಯರ್‌ಗಳು ಬಹಿರಂಗ ಪತ್ರ ಬರೆದರೂ ಫುಟ್‌ಬಾಲ್ ಸಂಸ್ಥೆ ಒಪ್ಪದೆ, ಉಚಿತ ಬಸ್ಸುಗಳನ್ನು ಒದಗಿಸಿ ಕೈತೊಳೆದುಕೊಂಡಿತು. ಹಳಿಗೆ ದುರಸ್ತಿ ಬೇಡವೆಂದು ನಾನು ಹೇಳುತ್ತಿಲ್ಲ. ಕಚೇರಿಗಳಿಗೆ ಹೋಗುವವರು ಕಡಿಮೆಯಿರುವ ರಜಾದಿನಗಳಲ್ಲೇ ಅದನ್ನು ಮಾಡಬೇಕೆಂಬ ವಾದದಲ್ಲೂ ಹುರುಳಿದೆ. ಆದರೆ ವಿಹಾರಕ್ಕೂ ಪಂದ್ಯಕ್ಕೂ ಜನ ಹೊರಡುವುದು ಅದೇ ದಿನಗಳಲ್ಲಿ ಎಂಬುದು ಅಷ್ಟೇ ಸತ್ಯ.

ನೈಋತ್ಯ ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಕಾಲವೇ ಕೈಕೊಟ್ಟಿತು. ಗ್ಲಾಸ್ಟನ್‌ಬರಿ ಊರಿನ ಮೂಲಕ ಹಾದುಹೋಗುತ್ತಿದ್ದ ಮಾರ್ಗವನ್ನು 1966ರಲ್ಲಿ ಮುಚ್ಚಿದರು. ಆ ಊರಿನ ಹೆಸರು ಹೊತ್ತ ಸಂಗೀತೋತ್ಸವ ಸಮೀಪದ ಪಿಲ್ಟನ್ ಹಳ್ಳಿಯ ಹೊಲದಲ್ಲಿ ಶುರುವಾದದ್ದು 1970ರಲ್ಲಿ. ಆ ಹಳೆಯ ರೈಲು ಹಾದಿ ಈಗ ಉತ್ಸವದ ಬಯಲಿನ ನಡುವೆಯೇ ಕಾಲುದಾರಿಯಾಗಿದೆ. ರೈಲಿನಲ್ಲಿ ಬರುವವರು ಕ್ಯಾಸಲ್ ಕೇರಿ ಎಂಬ ಪುಟ್ಟ ನಿಲ್ದಾಣದಲ್ಲಿ ಗುಡಾರ, ಚೀಲಗಳ ಸಮೇತ ಇಳಿದು, ಅಲ್ಲಿಂದ ಉತ್ಸವದ ಬಸ್ಸು ಹಿಡಿಯುತ್ತಾರೆ. ಆ ಬಸ್ಸನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ನಿಲ್ದಾಣದಿಂದ ಆಚೆಗಿನ ದಾರಿಯೂ ತಮ್ಮದೇ ಜವಾಬ್ದಾರಿ ಎಂದು ಸಂಘಟಕರು ಒಪ್ಪಿಕೊಂಡಿದ್ದಾರೆ. (ಲ್ಯೂಯಿಸ್ ಪಟ್ಟಣದ್ದು ಬೇರೆಯೇ ಬಗೆ: ನವೆಂಬರ್ 5ರ ದೀವಟಿಗೆ ಮೆರವಣಿಗೆಗೆ ಇಕ್ಕಟ್ಟಾದ ಬೀದಿಗಳಲ್ಲಿ ಜನ ಕಿಕ್ಕಿರಿಯದಿರಲಿ ಎಂದು ಇತ್ತೀಚಿನ ವರ್ಷಗಳಲ್ಲಿ ಅಂದು ಸಂಜೆಯ ರೈಲುಗಳನ್ನು ಅಲ್ಲಿ ನಿಲ್ಲಿಸುವುದೇ ಇಲ್ಲ. ಅದು ಕಠಿಣ ಕ್ರಮವಾದರೂ ಮುಂಚಿತವಾಗಿ ತಿಳಿಸುತ್ತಾರೆ.)

ಪಂದ್ಯ ಎಷ್ಟು ಗಂಟೆಗೆ ಆರಂಭವಾಗಬೇಕೆಂದು ತೀರ್ಮಾನಿಸುವಾಗ ಟಿವಿ ವಾಹಿನಿಗಳ ಮಾತು ನಡೆಯುತ್ತದೆ, ಪೊಲೀಸರ ಮಾತು ನಡೆಯುತ್ತದೆ. ರೈಲಿನ ವೇಳಾಪಟ್ಟಿಗೂ ಅಷ್ಟೇ ತೂಕ ಸಿಗಬೇಕೆಂಬುದು ನನ್ನ ಆಗ್ರಹ. ಹೆಚ್ಚುವರಿ ರೈಲು ಓಡಿಸಲು ಆಗದಿದ್ದರೆ ಪಂದ್ಯವನ್ನೇ ಬೇಗ ಆರಂಭಿಸಲಿ. ಟಿಕೆಟ್ಟಿನ ವಿಷಯದಲ್ಲೂ ಒಂದು ಸಡಿಲಿಕೆ ಬೇಕು. ಮುಂಗಡವಾಗಿ ಕೊಳ್ಳುವ ಅಗ್ಗದ ಟಿಕೆಟ್ ಒಂದು ನಿರ್ದಿಷ್ಟ ರೈಲಿಗೆ ಮಾತ್ರ ಸಲ್ಲುತ್ತದೆ; ಸೆಮಿಫೈನಲ್ ಹೆಚ್ಚುವರಿ ಸಮಯಕ್ಕೂ ಪೆನಾಲ್ಟಿಗೂ ಬೆಳೆದರೆ, ಆಟವನ್ನು ಅರ್ಧಕ್ಕೆ ಬಿಟ್ಟು ಓಡಬೇಕು, ಇಲ್ಲವೇ ಹೊಸ ಟಿಕೆಟ್ಟಿಗೆ ದುಬಾರಿ ಹಣ ತೆರಬೇಕು. ಪಂದ್ಯದ ಟಿಕೆಟ್ ತೋರಿಸಿದವರಿಗೆ ಅಂದು ರಾತ್ರಿಯ ಮಟ್ಟಿಗಾದರೂ ಮುಂದಿನ ರೈಲಿನಲ್ಲಿ ಪ್ರಯಾಣಿಸಲು ಬಿಡುವುದರಿಂದ ರೈಲ್ವೆಗೆ ಅಂಥ ದೊಡ್ಡ ನಷ್ಟವೇನೂ ಆಗಲಾರದು.